ನಿಮ್ಮ ದಾಸವಾಳಕ್ಕೆ ಬರುವುದು ಯಾವ ಸೂರಕ್ಕಿ?

ಕಾರವಾರದ ಹಿತ್ತಲಲ್ಲಿ ‘ಹಮ್ಮಿಂಗ್‌ಬರ್ಡ್ ಬಂದಿದೆ’ ಅಂತ ಫೋಟೋ ಹಾಕುವವರು ಜಾಸ್ತಿ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಹೂವಿಗೆ ಕೊಕ್ಕು ಹಾಕುವ ಈ ಪುಟಾಣಿ ಸೂರಕ್ಕಿ. ಕಷ್ಟ ಇರುವುದು ಹತ್ತಿರದ ಸಂಬಂಧಿಗಳಾದ ಎರಡು ಜಾತಿಗಳಲ್ಲಿ: ನೇರಳೆ ಬೆನ್ನಡಿಯ ಸೂರಕ್ಕಿ, ಕಿರು ಸೂರಕ್ಕಿ.

ಗಾತ್ರ ನೋಡಿ ಹೇಳುತ್ತೇನೆ ಅನ್ನಬೇಡಿ. ಮೊದಲನೆಯದು ಸುಮಾರು 10 ಸೆಂ.ಮೀ., ಎರಡನೆಯದು 8. ಎಲೆ ಮರೆಯಲ್ಲಿ ಕುಣಿಯುವ ಹಕ್ಕಿಯಲ್ಲಿ ಆ ವ್ಯತ್ಯಾಸ ಯಾರಿಗೆ ಕಾಣುತ್ತದೆ?

ಗಂಡುಗಳೆರಡಕ್ಕೂ ಹೊಳೆಯುವ ಹಸಿರು ನೆತ್ತಿ, ನೇರಳೆ ಗಂಟಲು, ಹಳದಿ ಹೊಟ್ಟೆ. ಹಾಗಾಗಿ ಬೆನ್ನು ನೋಡಿ. ಕಿರು ಸೂರಕ್ಕಿಯದು ಕಡುಗೆಂಪು, ಬಿಸಿಲಿಗೆ ತಿರುಗಿದರೆ ಕುಂಕುಮ ಬಳಿದ ಹಾಗೆ. ಇನ್ನೊಂದರದು ಮಂಕಾದ ಕಂದುಗೆಂಪು, ಪಕ್ಕೆ ಬೆಳ್ಳಗೆ. ಮರಿ ಮಾಡದ ಕಾಲದಲ್ಲಿ ಕಿರು ಸೂರಕ್ಕಿ ಗಂಡಿನ ತಲೆಯ ಬಣ್ಣ ಮಾಸುತ್ತದೆ, ಬೆನ್ನಿನ ಕೆಂಪು ಮಾತ್ರ ಉಳಿಯುತ್ತದೆ.

ಹೆಣ್ಣು ಇನ್ನೂ ಸುಲಭ, ನನ್ನ ಪ್ರಕಾರ. ಬಾಲದ ಬುಡದಲ್ಲಿ ಕೆಂಪು ಇದ್ದರೆ ಕಿರು ಸೂರಕ್ಕಿ. ಬೂದು ಬಿಳಿ ಗಂಟಲು, ಹಳದಿ ಎದೆ, ಎಲ್ಲೂ ಕೆಂಪಿಲ್ಲ ಅಂದರೆ ಮತ್ತೊಂದು.

ಊರೂ ಒಂದು ಸುಳಿವು. ಪೇಟೆ, ಬಯಲು, ಕುರುಚಲು ಎಲ್ಲಕ್ಕೂ ಒಗ್ಗುವುದು ನೇರಳೆ ಬೆನ್ನಡಿಯದು. ಕಿರು ಸೂರಕ್ಕಿ ಪಶ್ಚಿಮ ಘಟ್ಟದ್ದೇ ಹಕ್ಕಿ, ಬೇರೆಲ್ಲೂ ಇಲ್ಲ. ಅದನ್ನೇ ನೋಡಬೇಕೆಂದರೆ ಘಟ್ಟ ಹತ್ತಿ. ಶಿರಸಿ ಕಡೆಯ ಕಾಡಂಚಿನ ತೋಟಗಳಲ್ಲಿ, ಮರಕ್ಕೆ ಬಂದಳಿಕೆ ಹಿಡಿದು ಹೂ ಬಿಟ್ಟಿದ್ದರೆ ಅದರ ಕೆಳಗೆ ಸುಮ್ನೆ ನಿಲ್ಲಿ.