ಕಲಬುರಗಿ ಮೀನಂಗಡಿಗಳ 'ಮರಿ ಶಾರ್ಕ್': ಕೊಳ್ಳುವ ಮುನ್ನ ಮೂತಿ ನೋಡಿ

ಐಸ್ ಮೇಲೆ ಮಲಗಿದ ಮೊಳದುದ್ದದ ಬೂದು ಶಾರ್ಕ್‌ಗಳನ್ನೆಲ್ಲ ಅಂಗಡಿಯವರು ಒಂದೇ ರೇಟಿಗೆ ತೂಗುತ್ತಾರೆ. ಅದರಲ್ಲಿ ಎರಡು ಜಾತಿ ಬೆರೆತಿರಬಹುದು.

ಮೂತಿ ಸಲಿಕೆಯಂತೆ ಚಪ್ಪಟೆಯಾಗಿ ಉದ್ದವಿದ್ದು, ಬೆನ್ನಿನ ಮೊದಲ ರೆಕ್ಕೆ ಹಿಂದಕ್ಕೆ ಸರಿದಿದ್ದರೆ ಅದು ಸ್ಪೇಡ್‌ನೋಸ್ (ಸ್ಕೋಲಿಯೊಡಾನ್ ಲ್ಯಾಟಿಕಾಡಸ್). ಬಾಯಿಯ ಮೂಲೆಯಲ್ಲಿ ಉದ್ದ ಗೀರು ಎದ್ದು ಕಂಡು, ಬೆನ್ನಿನ ರೆಕ್ಕೆ ಎದೆರೆಕ್ಕೆಗೆ ಹತ್ತಿರವಿದ್ದರೆ ಮಿಲ್ಕ್ ಶಾರ್ಕ್ (ರೈಜೋಪ್ರಿಯೊನೊಡಾನ್ ಅಕ್ಯೂಟಸ್). ತಲೆ ಕತ್ತರಿಸಿದ ಮೇಲೆ ಮುಖ್ಯ ಗುರುತೇ ಹೋಗುತ್ತದೆ, ಇಡೀ ಮೀನನ್ನೇ ಕೇಳಿ.

ವ್ಯತ್ಯಾಸ ಬರೀ ಹೆಸರಿನದಲ್ಲ. 40 ಸೆಂ.ಮೀ. ಸ್ಪೇಡ್‌ನೋಸ್ ಆಗಲೇ ಪ್ರಾಯಕ್ಕೆ ಬಂದಿರುತ್ತದೆ. ಅಷ್ಟೇ ಉದ್ದದ ಮಿಲ್ಕ್ ಶಾರ್ಕ್ ಇನ್ನೂ ಒಮ್ಮೆಯೂ ಮರಿ ಹಾಕದ ಎಳೆಯದು. ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ (ಜೀವಿಗಳ ಅಳಿವಿನ ಅಪಾಯ ಅಳೆಯುವ ಪಟ್ಟಿ) ಮೊದಲನೆಯದು 'ಅಪಾಯದ ಸಮೀಪ', ಎರಡನೆಯದು ಒಂದು ಮೆಟ್ಟಿಲು ಮೇಲೆ, 'ದುರ್ಬಲ'. 2022ರಲ್ಲಿ ಇವುಗಳ ಇಡೀ ಕುಟುಂಬ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿತು. ಆದರೆ ಅದು ಹಿಡಿತದಲ್ಲಿಡುವುದು ವಿದೇಶಿ ವ್ಯಾಪಾರವನ್ನು, ನಮ್ಮೂರ ತಕ್ಕಡಿಯನ್ನಲ್ಲ.

ಗುಣಮಟ್ಟಕ್ಕೆ ಅರ್ಧ ಅಂಕ ಮಾತ್ರ. ಶಾರ್ಕ್ ಮಾಂಸದಲ್ಲಿ ಯೂರಿಯಾ ಇರುತ್ತದೆ. ದಾರಿಯಲ್ಲಿ ಐಸ್ ಕರಗಿದರೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ಕಡಲಿಂದ ಇಷ್ಟು ದೂರದ ಬಿಸಿಲೂರಿನಲ್ಲಿ ಇದು ಸಣ್ಣ ಮಾತಲ್ಲ. ಕಿವಿರಿನ ಹತ್ತಿರ ಮೂಸಿ; ಮೂಗಿಗೆ ಚುರ್ರೆಂದರೆ ಬಿಡಿ, ಹುಣಸೆಹುಳಿ ಎಷ್ಟು ಹಾಕಿದರೂ ಅದು ಸರಿಹೋಗದು. ತಾಜಾ ಇದ್ದರೆ ಚರ್ಮ ಸುಲಿದು, ರಕ್ತ ತೊಳೆದು, ಅರ್ಧ ಗಂಟೆ ತಣ್ಣನೆ ಮಜ್ಜಿಗೆಯಲ್ಲಿಟ್ಟು ಸಾರು ಮಾಡಿ. ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಗೀರು ಕಂಡ ಚಿಕ್ಕ ಮೀನಾದರೆ ಮಾತ್ರ ಕೊಳ್ಳಬೇಡಿ. ಪಕ್ಕದಲ್ಲೇ ಕೆರೆಯ ರೋಹು, ಕಟ್ಲಾ ಇರುತ್ತವೆ.