ಹಾಸನದ ಆರ್ಕೆಸ್ಟ್ರಾಗೆ ಯಾವ ಬೇಸ್ ಗಿಟಾರ್?

ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಮೊದಲ ಬೇಸ್ ಗಿಟಾರ್ ಕೊಳ್ಳಬೇಕು, ಫೆಂಡರ್ ಕಂಪನಿಯ ಪ್ರಿಸಿಷನ್ ಮಾಡೆಲ್ ತಗೊಳ್ಳಲೋ ಜಾಝ್ ಮಾಡೆಲ್ ತಗೊಳ್ಳಲೋ ಎಂದು ಕೇಳಿದ್ದೀರಿ. ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇಯನ್ನೂ ಜೊತೆಗೆ ನೋಡೋಣ.

ಮೊದಲು ದನಿ. ಅದೇ ಮುಖ್ಯ ಅಲ್ವಾ? ಫೆಂಡರ್ ಪ್ರಿಸಿಷನ್ ಬಂದದ್ದು 1951ರಲ್ಲಿ. ಈಗ ನಾವು ಕೇಳುವ ಅದರ ದಪ್ಪ ದನಿ 1957ರ ಎರಡು ತುಂಡಿನ ಪಿಕಪ್‌ನದ್ದು (ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಭಾಗವೇ ಪಿಕಪ್). ಡ್ರಮ್ಸ್, ಕೀಬೋರ್ಡ್ ಎಲ್ಲ ಒಟ್ಟಿಗೆ ಮೊಳಗಿದರೂ ತಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಇದನ್ನೇ. 1960ರ ಜಾಝ್ ಬೇಸ್‌ಗೆ ಎರಡು ಪಿಕಪ್. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಪಟ್ಟಿ) ಕಡೆಯದರ ಸದ್ದು ಏರಿಸಿದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಹಾಡುತ್ತದೆ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಕೇಳಿ, ಅವರದು ಫ್ರೆಟ್ (ಹಿಡಿಕೋಲಿನ ಮೇಲಿನ ಲೋಹದ ಅಡ್ಡಪಟ್ಟಿ) ಇಲ್ಲದ ಜಾಝ್ ಬೇಸ್. ಎಷ್ಟು ಚೆಂದ! 1976ರ ಸ್ಟಿಂಗ್‌ರೇಗೆ ಹೊಳಪು ಜಾಸ್ತಿ, ಹೆಬ್ಬೆರಳಲ್ಲಿ ಬಡಿದು ನುಡಿಸುವವರಿಗೆ ಹೇಳಿ ಮಾಡಿಸಿದ್ದು. ಆದರೆ ಅದರೊಳಗಿನ 9 ವೋಲ್ಟ್ ಬ್ಯಾಟರಿ ಸತ್ತರೆ ಸದ್ದೂ ಹೋಗುತ್ತದೆ.

ಮೂರಕ್ಕೂ ನುಡಿಯುವ ತಂತಿಯ ಉದ್ದ 34 ಇಂಚು. ಜಾಝ್‌ನ ನೆಕ್ (ಹಿಡಿಕೋಲು) ಮಾತ್ರ ತುದಿಯಲ್ಲಿ ಸುಮಾರು 1.5 ಇಂಚು ಅಗಲ, ಸಣ್ಣ ಕೈಗೆ ಹಿತ.

ಪೆಂಡಾಲ್‌ನ ಸೀರಿಯಲ್ ಲೈಟು, ಜನರೇಟರ್ ಪಕ್ಕದಲ್ಲಿ ಜಾಝ್‌ನ ಒಂದೇ ಪಿಕಪ್ ಏರಿಸಿದರೆ ಗುಂಯ್ ಎನ್ನುತ್ತದೆ. ಉಳಿದೆರಡಕ್ಕೆ ಆ ಕಾಟ ಕಡಿಮೆ.

ಹಳೆಯ ಸಿನಿಮಾ ಹಾಡು, ಬಯಲು ವೇದಿಕೆ ಎಂದರೆ ನಾನು ಪ್ರಿಸಿಷನ್ ಕಡೆ. ಮನೆಯಲ್ಲಿ ರೆಕಾರ್ಡಿಂಗ್, ಬಗೆಬಗೆಯ ಶೈಲಿ ಇದ್ದರೆ ಜಾಝ್. ಫಂಕ್ (ತಾಳಕ್ಕೆ ಕುಣಿಸುವ ಅಮೆರಿಕನ್ ಸಂಗೀತ) ಹುಚ್ಚು ಇದ್ದು ಕೈಯಲ್ಲಿ ದುಡ್ಡೂ ಇದ್ದರೆ ಸ್ಟಿಂಗ್‌ರೇ. ಯಾವುದೇ ತಗೊಳ್ಳಿ, ಸಕಲೇಶಪುರದ ಮಳೆಗೆ ಹೋಗಿಬಂದ ಮೇಲೆ ತಂತಿ ಒರೆಸಿಡಿ, ಬೇಗ ತುಕ್ಕು ಹಿಡಿಯುತ್ತದೆ.