30-40 ಸೈಟಿನ ಮನೆಗೂ ಪಿಎಂಸಿ ಬೇಕಾ? ನಾವು ಇಟ್ಟುಕೊಂಡ ಅನುಭವ

ಬೆಂಗಳೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿದೆವು. 30-40 ಸೈಟು, ಗ್ರೌಂಡ್ ಫ್ಲೋರ್ ಮತ್ತೆ ಒಂದು ಮಹಡಿ. ಮೆಟೀರಿಯಲ್ ಸಮೇತ ಚದರದ ಲೆಕ್ಕದಲ್ಲಿ ಕಂಟ್ರಾಕ್ಟರ್‌ಗೆ ಕೊಟ್ಟಿದ್ದೆವು. ಅದರ ಜೊತೆಗೆ ಬೇರೆಯೇ ಒಂದು ಪಿಎಂಸಿ, ಅಂದರೆ ಕಟ್ಟೋ ಕೆಲಸದ ಮೇಲ್ವಿಚಾರಣೆ ಮಾಡಿಕೊಡುವ ಇಂಜಿನಿಯರ್‌ಗಳ ಚಿಕ್ಕ ಆಫೀಸೊಂದನ್ನು ಗೊತ್ತು ಮಾಡಿಕೊಂಡೆವು. ಫೀಸು ಕಟ್ಟಡದ ಖರ್ಚಿನ ಶೇ. 4, ಹಂತ ಹಂತವಾಗಿ ಕೊಡೋದು. ಅಪಾರ್ಟ್‌ಮೆಂಟ್ ಕಟ್ಟೋರಿಗೆ ಸರಿ, ಒಂದು ಮನೆಗೆ ಇದೆಲ್ಲ ಯಾಕೆ ಅಂತ ನೆಂಟರೆಲ್ಲ ಕೇಳಿದರು. ಪಾಯದಿಂದ ಮೋಲ್ಡ್‌ವರೆಗೆ (ಅಂದರೆ ಛಾವಣಿ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕೋವರೆಗೆ) ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ಆಯಿತು, ಫಿನಿಶಿಂಗ್‌ನಲ್ಲಿ ಆಗಲಿಲ್ಲ.

ಕಂಟ್ರಾಕ್ಟರ್ ಹತ್ತಿರವೂ ಸೈಟ್ ಇಂಜಿನಿಯರ್ ಇರುತ್ತಾರಲ್ವಾ, ಮತ್ತೆ ಇವರು ಯಾಕೆ ಅನ್ನೋದು ಎಲ್ಲರ ಪ್ರಶ್ನೆ. ಅವರು ಇರುತ್ತಾರೆ, ಕೆಲಸವೂ ಗೊತ್ತಿರುತ್ತದೆ. ಆದರೆ ಅವರಿಗೆ ಸಂಬಳ ಕೊಡೋದು ಕಂಟ್ರಾಕ್ಟರ್. ಕೆಲಸ ನಿಲ್ಲಿಸಿ ಅಂತ ಹೇಳಿದರೆ ನಷ್ಟ ಆಗೋದು ಅದೇ ಕಂಟ್ರಾಕ್ಟರ್‌ಗೆ. ಹೀಗಿರುವಾಗ ಆ ಹುಡುಗ ಹೇಗೆ ನಿಲ್ಲಿಸ್ತಾನೆ? ನಾವು ಫೀಸು ಕೊಟ್ಟಿದ್ದು ಈ 'ನಿಲ್ಲಿಸಿ' ಅನ್ನೋ ಮಾತಿಗೆ.

ಮೊದಲ ಮೋಲ್ಡ್ ದಿನ ಅದು ಕಣ್ಣಾರೆ ಕಂಡಿತು. ಬೆಳಗ್ಗೆ ಬೇಗ ಬಂದ ಪಿಎಂಸಿ ಇಂಜಿನಿಯರ್ ಸೀದಾ ಮೇಲೆ ಹತ್ತಿ ಬಾಲ್ಕನಿ ಹತ್ತಿರ ಕೂತರು. ಹೊರಗೆ ಚಾಚಿಕೊಂಡಿರೋ ಸ್ಲ್ಯಾಬಿಗೆ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು, ಯಾಕೆಂದರೆ ಭಾರ ಬಿದ್ದಾಗ ಎಳೆತ ಬರೋದು ಮೇಲೆ. ಹಿಂದಿನ ದಿನ ಎಲೆಕ್ಟ್ರಿಷಿಯನ್‌ಗಳು ಪೈಪ್ ಎಳೆಯೋಕೆ ಓಡಾಡಿ, ತುಳಿದು ತುಳಿದು, ಆ ಕಂಬಿಯೆಲ್ಲ ಕೆಳಗೆ ಕಾಂಕ್ರೀಟ್ ಹಿಡಿದಿಡೋ ಸೆಂಟ್ರಿಂಗ್ ಶೀಟಿನ ಹತ್ತಿರಕ್ಕೆ ಕುಸಿದಿತ್ತು. ನಮಗೆ ನೋಡಿದರೆ ಏನೂ ಗೊತ್ತಾಗ್ತಿರಲಿಲ್ಲ, ಕಂಬಿ ಇದೆ, ಕಟ್ಟಿದ್ದಾರೆ, ಅಷ್ಟೇ. ಅವರು ಟೇಪ್ ಹಿಡಿದು ಅಳತೆ ತೋರಿಸಿ, ಕಂಬಿ ಎತ್ತಿಸಿ, ಅದನ್ನು ಎತ್ತಿ ಹಿಡಿಯೋಕೆ ಕೆಳಗೆ ಚೇರ್ ಅನ್ನೋ ಆಧಾರ ಕೊಡಿಸಿದರು. ಉಳಿದ ಸ್ಲ್ಯಾಬಿನಲ್ಲೂ ಕಂಬಿ ಶೀಟಿಗೆ ತಾಗದಂತೆ ಕೆಳಗಿಡೋ ಕವರ್ ಬ್ಲಾಕ್ ಜಾರಿದ ಕಡೆಯೆಲ್ಲ ಮತ್ತೆ ಇಡಿಸಿದರು. ಮಾಮೂಲಿ ಮನೆಯ ಸ್ಲ್ಯಾಬಿಗೆ ಕನಿಷ್ಠ 20 ಮಿಲಿಮೀಟರ್ ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ಕಾಂಕ್ರೀಟ್, ಬೇಕು. ಅಷ್ಟಿಲ್ಲದೆ ಕಂಬಿಗೆ ತುಕ್ಕು ಹಿಡಿದರೆ ಕೆಲವೇ ವರ್ಷಗಳಲ್ಲಿ ಸೀಲಿಂಗ್‌ನಿಂದ ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಆಮೇಲೆ ಕಾಂಕ್ರೀಟ್ ಗಾಡಿ ಬಂತು. ಡ್ರೈವರ್ ಹತ್ತಿರ ಅವರು ಮೊದಲು ಕೇಳಿದ್ದೇ ಚಲನ್. ಅದರಲ್ಲಿ ಪ್ಲಾಂಟಿನಲ್ಲಿ ಲೋಡ್ ಆದ ಟೈಮ್ ಇರುತ್ತದೆ. ರೆಡಿಮಿಕ್ಸ್ ಕಾಂಕ್ರೀಟಿಗೆ ಇರೋ ಭಾರತೀಯ ಮಾನದಂಡ ಐಎಸ್ 4926ರ ಪ್ರಕಾರ ಸಾಮಾನ್ಯವಾಗಿ ಲೋಡ್ ಆಗಿ 2 ಗಂಟೆಯೊಳಗೆ ಸುರಿದು ಮುಗಿಸಬೇಕು. ನಮ್ಮ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಆ ಹೊತ್ತು ದಾಟಿತ್ತು. ಎಷ್ಟು ಸಡಿಲ ಇದೆ ಅಂತ ಅಳೆಯೋ ಸ್ಲಂಪ್ ಕೋನ್ ಇಟ್ಟು ನೋಡಿದರೆ ಕಾಂಕ್ರೀಟು ಗಟ್ಟಿಯಾಗಿ ಹಾಗೇ ನಿಂತಿತು. ಸ್ವಲ್ಪ ನೀರು ಬಿಟ್ಟರೆ ಸರಿಹೋಗುತ್ತೆ ಸಾರ್ ಅಂತ ಮೇಸ್ತ್ರಿ ಪೈಪೇ ಹಿಡಿದುಕೊಂಡು ಬಂದರು. ನೀರು ಹಾಕಿದರೆ ಸುರಿಯೋದು ಸುಲಭ, ಆದರೆ ಬಲ ಕಮ್ಮಿಯಾಗುತ್ತದೆ. ಇವರು ಒಪ್ಪಲಿಲ್ಲ, ಗಾಡಿ ವಾಪಸ್. ಪಂಪ್ ನಿಂತಿದೆ, ಇಷ್ಟು ಆಳು ಸುಮ್ನೆ ಕೂತಿದ್ದಾರೆ, ಬಾಡಿಗೆ ಯಾರು ಕೊಡೋದು ಅಂತ ಕಂಟ್ರಾಕ್ಟರ್ ನಮ್ಮ ಕಡೆ ತಿರುಗಿ ಜೋರು ಮಾಡೋಕೆ ಶುರು ಮಾಡಿದಾಗ ಇಂಜಿನಿಯರ್ ನನಗೆ ಹೇಳಿದ್ದು ಇಷ್ಟೇ: "ಸರ್, ನೀವು ನೆರಳಲ್ಲಿ ಕೂತ್ಕೊಳ್ಳಿ, ಇದು ನಾನು ಮಾತಾಡ್ತೀನಿ." ಬದಲಿ ಗಾಡಿ ಬಂದು ಕೆಲಸ ಮುಗಿಯೋವಾಗ ಕತ್ತಲಾಗಿತ್ತು. ಬಲದ ಟೆಸ್ಟಿಗೆ ಬೇಕಾದ ಕಾಂಕ್ರೀಟ್ ಕ್ಯೂಬ್‌ಗಳನ್ನೂ ಅವರೇ ನಿಂತು ತುಂಬಿಸಿದರು. ಅವುಗಳ 28 ದಿನದ ಟೆಸ್ಟ್ ರಿಪೋರ್ಟ್ ಬರೋವರೆಗೆ ಆ ಹಂತದ ಪೂರ್ತಿ ಹಣ ಬಿಡಬೇಡಿ ಅಂತ ನಮಗೂ ಹೇಳಿದರು. ನಾವೇ ಒಬ್ಬರೇ ಅಲ್ಲಿ ನಿಂತಿದ್ದರೆ ಆ ಗಾಡಿ ವಾಪಸ್ ಹೋಗ್ತಿರಲಿಲ್ಲ.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ನೀರು ಕೊಟ್ಟು ಹಸಿಯಾಗಿಡೋದು, ಇನ್ನೊಂದು ತಲೆನೋವು. ನಮ್ಮ ಮೋಲ್ಡ್ ಬಿದ್ದಿದ್ದು 2024ರ ಬೇಸಿಗೆಯಲ್ಲಿ. ಆ ಮಾರ್ಚ್‌ನಲ್ಲೇ ಜಲಮಂಡಳಿ ಕುಡಿಯೋ ನೀರನ್ನು ಕಟ್ಟಡದ ಕೆಲಸಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಟ್ಯಾಂಕರ್ ಸಿಗೋದೇ ಕಷ್ಟ. ಪಿಎಂಸಿಯವರು ಮೋಲ್ಡ್ ದಿನಾಂಕ ಗೊತ್ತು ಮಾಡೋಕೆ ಮುಂಚೆಯೇ ಟ್ಯಾಂಕರಿನವರ ಜೊತೆ ಮಾತಾಡಿಟ್ಟಿದ್ದರು. ನೀರನ್ನು ಟೆಸ್ಟ್ ಮಾಡಿಸಿದ್ದರು. ಸ್ಲ್ಯಾಬ್ ಮೇಲೆ ಗಾರೆಯಲ್ಲಿ ಬದು ಕಟ್ಟಿ ನೀರು ನಿಲ್ಲಿಸಿದರು, ಪಿಲ್ಲರ್‌ಗಳಿಗೆ ಗೋಣಿಚೀಲ ಸುತ್ತಿಸಿದರು. ಕಾಂಕ್ರೀಟ್ ಕೆಲಸದ ಮಾನದಂಡ ಐಎಸ್ 456 ಪ್ರಕಾರ ಓಪಿಸಿ (ಸಾದಾ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ) ತರದ ಸಿಮೆಂಟಿಗೆ ಕನಿಷ್ಠ 10 ದಿನ ಹಸಿಯಾಗಿಡಬೇಕು. ನಮ್ಮದು ಪಿಪಿಸಿ, ಬಿಸಿಲು ಬೇರೆ, ಹಾಗಾಗಿ 14 ದಿನ ಬಿಡದೆ ನೀರು ಕೊಡಿಸಿದರು.

ಕಂಟ್ರಾಕ್ಟರ್‌ಗೆ ಬೇರೆ ಸೈಟಿನಲ್ಲಿ ಸೆಂಟ್ರಿಂಗ್ ಸಾಮಾನು ಬೇಕಿತ್ತು, ಒಂದು ವಾರಕ್ಕೇ ಸ್ಲ್ಯಾಬಿನ ಕೆಳಗೆ ಆಧಾರಕ್ಕೆ ಕೊಟ್ಟ ಜಾಕಿ ಬಿಚ್ಚೋ ಯೋಚನೆ ಅವರದು. ನಮ್ಮ ಹಾಲ್ 4.5 ಮೀಟರಿಗಿಂತ ಅಗಲ. ಅಂಥ ಸ್ಲ್ಯಾಬಿಗೆ ಓಪಿಸಿಯಲ್ಲೇ 14 ದಿನ ಆಧಾರ ಬೇಕು, ಪಿಪಿಸಿಗೆ ಇನ್ನೂ ಜಾಸ್ತಿ ಬಿಡಿ ಅಂತ ಪಿಎಂಸಿಯವರು ಸೈಟಿನ ಪುಸ್ತಕದಲ್ಲೇ ಬರೆದು ಕಂಟ್ರಾಕ್ಟರ್ ಸಹಿ ಹಾಕಿಸಿಕೊಂಡರು. ಜಗಳವೇ ಆಗಲಿಲ್ಲ.

ಬಿಲ್ ವಿಚಾರಕ್ಕೆ ಬಂದರೆ, ಚದರದ ಲೆಕ್ಕದಲ್ಲಿ ಕೆಲಸ ಕೊಟ್ಟವರಿಗೆಲ್ಲ ಗೊತ್ತಿರೋ ಗೋಳು ಇದು: ಬಾಲ್ಕನಿ ಪೂರ್ತಿ ಸೇರುತ್ತಾ ಅರ್ಧವಾ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಸೇರುತ್ತಾ, ಸಂಪು ಮತ್ತೆ ಕಾಂಪೌಂಡ್ ಬೇರೆಯಾ. ಅಗ್ರಿಮೆಂಟಿಗೆ ಮುಂಚೆಯೇ ಇವರು ಒಂದೊಂದನ್ನೂ ಬರೆಸಿದ್ದರಿಂದ ಕೊನೆಗೆ ಎಕ್ಸ್‌ಟ್ರಾ ಅಂತ ಬಂದ ಪಟ್ಟಿ ತುಂಬಾ ಚಿಕ್ಕದಾಗಿತ್ತು.

ಕೆಲಸದ ಪ್ಲಾನ್ ಶೀಟನ್ನು ವಾಚ್‌ಮನ್ ಶೆಡ್ಡಿನಲ್ಲಿ ದೊಡ್ಡದಾಗಿ ಅಂಟಿಸಿದ್ದರು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಮನೆ ಒಂದು ದಿನ ತಡವಾಗುತ್ತೋ ಅದಕ್ಕೆ ಕೆಂಪು ಬಣ್ಣ. ಕಾಂಪೌಂಡ್ ಗೋಡೆ ಎರಡು ವಾರ ನಿಂತರೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ಬಾಗಿಲ ವಾಸ್ಕಲ್‌ಗೆ ಆರ್ಡರ್ ಕೊಡೋದು ಎರಡು ದಿನ ತಡವಾಗಿದ್ದಕ್ಕೆ ನಮಗೇ ಫೋನ್ ಮಾಡಿ ಬೆನ್ನು ಹತ್ತಿದರು. ಹಬ್ಬಕ್ಕೆ ಆಳುಗಳು ಊರಿಗೆ ಹೋಗೋ ದಿನಗಳನ್ನೂ ಆ ಶೀಟಿನಲ್ಲಿ ಮೊದಲೇ ಬಿಟ್ಟಿದ್ದರು. ಇದು ನನಗೆ ತುಂಬಾ ಹಿಡಿಸಿತು.

ಈಗ ಬೇಜಾರಿನ ಭಾಗ. ಪ್ಲಾಸ್ಟರಿಂಗ್ ಮುಗಿದ ಮೇಲೆ ಹಿರಿಯ ಇಂಜಿನಿಯರ್ ಬರೋದು ಕಮ್ಮಿಯಾಗಿ, ಆಗಷ್ಟೇ ಕಾಲೇಜು ಮುಗಿಸಿದ ಹುಡುಗನೊಬ್ಬ ಬರತೊಡಗಿದ. ಒಳ್ಳೆಯ ಹುಡುಗ, ಶ್ರದ್ಧೆ ಇದೆ, ಆದರೆ ಟೈಲ್ಸ್ ಕೆಲಸದವರು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಹಡಿ ಬಾತ್‌ರೂಮಿನಲ್ಲಿ ನೆಲದ ಇಳಿಜಾರು ನೀರು ಹೋಗೋ ಟ್ರ್ಯಾಪ್ ಕಡೆ ಇರೋ ಬದಲು ಬಾಗಿಲ ಕಡೆಗಿತ್ತು. ಬಕೆಟ್ ನೀರು ಸುರಿದು ನೋಡಿದ್ದು ನನ್ನ ಹೆಂಡತಿ, ಪಿಎಂಸಿ ಅಲ್ಲ. ಕಿತ್ತು ಮತ್ತೆ ಹಾಕಿಸಿದರು, ಖರ್ಚು ಕಂಟ್ರಾಕ್ಟರ್ ಮೇಲೆ ಹೋಯಿತು ನಿಜ, ಆದರೆ ಅದನ್ನು ಹಿಡಿಯೋದಕ್ಕೇ ಅಲ್ವಾ ನಾವು ಫೀಸು ಕೊಟ್ಟಿದ್ದು? ಪೇಂಟ್ ಹೊತ್ತಿಗೆ ವಾರದ ರಿಪೋರ್ಟೂ ನಿಂತಿತ್ತು, ಕೇಳಿ ಕೇಳಿ ತರಿಸಿಕೊಳ್ಳಬೇಕಾಯಿತು. ಮನೆಯವರು ದಿನಾ ಕೈಯಲ್ಲಿ ಮುಟ್ಟೋದು ಟೈಲ್ಸು, ನಲ್ಲಿ, ಬಾಗಿಲನ್ನೇ, ಅಲ್ಲಿ ಗಮನ ಕಮ್ಮಿಯಾದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಮನೆಯಲ್ಲೇ ಸಿವಿಲ್ ಕೆಲಸ ಬಲ್ಲವರು, ದಿನಾ ಸೈಟಿಗೆ ಬರೋವಷ್ಟು ಬಿಡುವು ಇರೋರು ಇದ್ದರೆ ಈ ಖರ್ಚು ಬೇಡ. ಇಬ್ಬರೂ ಕೆಲಸಕ್ಕೆ ಹೋಗೋರಾದರೆ, ಇಲ್ಲ ಹೊರದೇಶದಲ್ಲಿ ಕೂತು ಊರಲ್ಲಿ ಕಟ್ಟಿಸ್ತಿದ್ದರೆ, ಖಂಡಿತ ಇಟ್ಟುಕೊಳ್ಳಿ. ಆದರೆ ಫೀಸಿನ ಹಂತಗಳನ್ನು ನಮ್ಮ ಹಾಗೆ ಮೋಲ್ಡ್‌ವರೆಗೇ ಹೆಚ್ಚು ಕೊಡೋ ಥರ ಮಾಡಬೇಡಿ, ಕಾಲು ಭಾಗವಾದರೂ ಫಿನಿಶಿಂಗ್‌ಗೆ ಉಳಿಸಿ. ಯಾವ ಇಂಜಿನಿಯರ್ ಬರ್ತಾರೆ ಅಂತ ಅಗ್ರಿಮೆಂಟಿನಲ್ಲಿ ಹೆಸರು ಹಾಕಿಸಿ. ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಗೋಡೆಯ ಪೈಪು, ವೈರಿಂಗ್ ಫೋಟೋಗಳನ್ನು ಟೇಪ್ ಹಿಡಿದ ಅಳತೆ ಸಮೇತ ತೆಗೆಸಿಕೊಳ್ಳಿ. ನಮ್ಮವರು ಅದನ್ನು ಕೇಳದೆಯೇ ಕೊಟ್ಟಿದ್ದರು, ಮೊನ್ನೆ ಗೀಸರ್ ಹಾಕೋಕೆ ಬಂದವನು ಆ ಫೋಟೋ ನೋಡಿಯೇ ಗೋಡೆಗೆ ಡ್ರಿಲ್ ಹೊಡೆದ.